ಅಟ್ಟ ಹತ್ತಿದ ಬೋಗುಣಿ

ಮಂಚದಿಂದ ಎಡಗಾಲು ಕೆಳಗಿಟ್ಟ, ಒದ್ದೆ. ಅದನ್ನ ಎತ್ಕೊಂಡು ಬಲಗಾಲು ಇಟ್ಟ, ಅಲ್ಲೂ ಒದ್ದೆ. ಹಾಸಿಗೆ ಹೊಲಿಯೋನಿಗೆ ಅವತ್ತಿನ ದಿನ ಶುರುವಾದದ್ದು ಹೀಗೆ, ಎರಡೂ ಕಾಲು ಗಾಳೀಲಿ ಎತ್ಕೊಂಡು, ಕೊಕ್ಕರೆಗಾದ್ರೂ ಒಂದು ಕಾಲು ಊರೋಕೆ ಜಾಗ ಇರುತ್ತೆ, ನನ್ನ ಮನೇಲಿ ನನಗೆ ಅಷ್ಟೂ ಇಲ್ವಲ್ಲ ಅಂದ್ಕೊಳ್ತಾ. ಬೆಚ್ಚಗಿತ್ತು. ಬೆಚ್ಚಗಿದ್ರೆ ಈಗ ತಾನೇ ಹೊಯ್ದದ್ದು, ತಣ್ಣಗಿದ್ರೆ ನಸುಕಿಂದು, ಅಂಟಂಟಾಗಿದ್ರೆ ಯಾರೂ ನೋಡದೆ ಒಣಗಿದ್ದು. ಒಂದು ತಿಂಗಳಿಂದ ಈ ವಿದ್ಯೆ ಅವನಿಗೆ ಎಷ್ಟು ಕರಗತ ಆಗಿತ್ತು ಅಂದ್ರೆ ಗಡಿಯಾರ ಬೇಕಿರ್ಲಿಲ್ಲ, ಕಾಲಿನ ಹೆಬ್ಬೆರಳಲ್ಲೇ ಗಂಟೆ ನೋಡ್ತಿದ್ದ. "ದೊರೆಸಾನೀ!" ಅಂತ ಕೂಗಿದ. ಆ ಕಡೆಯಿಂದ ಉಗುರು ಟಕಟಕ ಅನ್ನಿಸ್ಕೊಂಡು ನಾಯಿ ಬಂತು, ಬರೋವಾಗ ಬಾಗಿಲ ಚೌಕಟ್ಟಿಗೆ ಭುಜ ಹೊಡ್ಕೊಂಡ್ತು, ಹೊಡ್ಕೊಂಡದ್ದಕ್ಕೆ ಚೌಕಟ್ಟಿಗೇ ಬಾಲ ಅಲ್ಲಾಡಿಸ್ತು. ನಾಟಕ ನೋಡು ಅಂದ್ಕೊಂಡ. ಹನ್ನೆರಡು ವರ್ಷ ಇದೇ ಮನೇಲಿ ಕಣ್ಣು ಕಟ್ಟಿದ್ರೂ ಓಡಾಡ್ತಿದ್ದ ನಾಯಿ, ಈಗ ಬೈಸ್ಕೋಬೇಕಾದಾಗ ಮಾತ್ರ ಬಾಗಿಲು ಕಾಣಲ್ಲ. ಒಂದು ಸಲ ಇಡೀ ರಸ್ತೆ ಮಲಗಿದ್ದಾಗ ಇದೊಂದೇ ಎದ್ದು ಕೂತು ಏಳು ಜನ ಕಳ್ಳರನ್ನ ಗೋಡೆಗೆ ಅಂಟಿಸಿ ನಿಲ್ಲಿಸಿತ್ತು ಅಂತ ಅವನು ಟೀ ಅಂಗಡೀಲಿ ಹೇಳ್ತಿದ್ದ. ನಿಜಕ್ಕೂ ಬಂದಿದ್ದವನು ಒಬ್ಬ, ಅವನೂ ಕಳ್ಳ ಅಲ್ಲ, ಮೀಟರ್ ಓದೋನು.

ಹೆಂಡತಿ ಆಸ್ಪತ್ರೆಯ ಲಾಂಡ್ರಿ ಕೆಲಸಕ್ಕೆ ಹೊರಟು ಚಪ್ಪಲಿ ಹಾಕ್ಕೊಳ್ತಿದ್ದಳು. ಇಣುಕಿ ನೋಡಿ, "ಸಮುದ್ರ ಆಗಿದೆ. ಹಡಗು ಕಳಿಸ್ಲಾ, ಈಜ್ಕೊಂಡು ಬರ್ತೀರಾ?" ಅಂದಳು. ಅವನು ಹುಬ್ಬು ಗಂಟು ಹಾಕ್ಕೊಂಡು ಬಟ್ಟೆ ಕೇಳ್ದ. "ನಾನು ದಿನಾ ನೂರು ಜನರ ಹೊಲಸು ಹಾಸು ಒಗೀತೀನಿ ರೀ, ಅದಕ್ಕೆ ಸಂಬಳ ಕೊಡ್ತಾರೆ. ಇದು ನಿಮ್ಮ ಖಾತೆ. ಊರಿನ ಹಾಸಿಗೆ ಎಲ್ಲಾ ಮೂಸಿ ಅವರವರ ಚರಿತ್ರೆ ಹೇಳ್ತೀರಲ್ಲ, ಮನೆಯ ನಾಯಿದು ಒಂದು ಹೇಳಿ ನೋಡೋಣ" ಅಂತ ಹೋಗೇಬಿಟ್ಟಳು. ಮಾತು ಅಲ್ಲೇ ಸೊಂಟಕ್ಕೆ ಚುಚ್ಕೊಂಡು ನಿಂತಿತು. ಯಾಕಂದ್ರೆ ಅದು ಸುಳ್ಳಲ್ಲ. ಅವನ ಬುರುಡೆಗಳಲ್ಲಿ ಒಂದೇ ಒಂದು ನಿಜ ಇದ್ದದ್ದು ಅವನ ಮೂಗು. ಹಳೇ ಹಾಸಿಗೆ ಬಂದ ಕೂಡ್ಲೇ ಹೊಲಿಗೆ ಬಿಚ್ಚಿ, ಒಳಗಿನ ಹತ್ತಿ ಒಂದು ಹಿಡಿ ಕಿತ್ತು ಮೂಗಿಗೆ ಹಿಡೀತಿದ್ದ. ಇದರ ಮೇಲೆ ಮಗು ಮಲಗ್ತಿತ್ತು. ಇದರ ಮೇಲೆ ಒಬ್ಬರು ಬಹಳ ದಿನ ಕಾಯಿಲೆ ಮಲಗಿದ್ರು. ಇದರಲ್ಲಿ ಎಡಗಡೆ ಮಲಗೋರು ಬಲಗಡೆಯೋರ ಜೊತೆ ಮಾತು ಬಿಟ್ಟು ವರ್ಷ ಆಯ್ತು, ನೋಡಿ ಹೆಂಗೆ ಅಂಚಿಗೆ ಹೋಗಿ ಹೋಗಿ ಹತ್ತಿ ಗಂಟು ಕಟ್ಟಿದೆ. ಗಿರಾಕಿಗಳು ಬಾಯಿ ಮುಚ್ಕೊಂಡು ನಗ್ತಿದ್ರು, ಕೆಲವರು ಕೆಂಪಾಗ್ತಿದ್ರು. ಅದೇ ಮೂಗು ಈಗ ಮನೇಲಿ ಕೆಲಸಕ್ಕೆ ಬಂದಿರ್ಲಿಲ್ಲ. ಇಲ್ಲ, ಬಂದಿತ್ತು, ಕೆಟ್ಟದ್ದೇ ಅದಕ್ಕೆ. ಮೊದಲನೇ ಸಲ ದೊರೆಸಾನಿ ಹತ್ತಿ ರಾಶಿಯ ಪಕ್ಕ ಉಚ್ಚೆ ಹೊಯ್ದಾಗ ಅವನು ಬಗ್ಗಿ ಮೂಸಿ, ಜಂಬದಿಂದ ಎದ್ದು, "ಗೊತ್ತಾಯ್ತು" ಅಂದಿದ್ದ. ಯಾವುದೋ ಗಂಡು ನಾಯಿ ಮಲಗಿದ್ದ ಹಾಸಿಗೆ ಒಳಗೆ ಬಂದಿದೆ, ಅವನು ಕಾಗದ ಬರೆದಿದಾನೆ, ಇವಳು ಉತ್ತರ ಬರೀತಿದಾಳೆ, ಅಷ್ಟೇ. ಇದನ್ನ ನಂಬಿ ಎರಡು ಮನೆಯ ಹಾಸಿಗೆ ವಾಪಸ್ ಕಳಿಸ್ದ. ಅದರಲ್ಲಿ ಒಂದು ಮನೇಲಿ ನಾಯೀನೇ ಇರ್ಲಿಲ್ಲ, ಹೆಂಗಸು ಬೀದೀಲಿ ನಿಂತು ಕೂಗಾಡಿದ್ದಳು, "ನಮ್ಮ ಮನೇಲಿ ನಾಯಿ ಅಂದ್ರೆ ಯಾರು, ನನ್ನ ಗಂಡನಾ?" ಅಂತ. ಉತ್ತರ ಬರೆಯೋದು ಮಾತ್ರ ನಿಲ್ಲಲಿಲ್ಲ. ದಿನಕ್ಕೆ ನಾಲ್ಕು ಕಾಗದ, ಐದು ಕಾಗದ, ಆಮೇಲೆ ದೊಡ್ಡ ದೊಡ್ಡ ಗ್ರಂಥಗಳು.

ಬಟ್ಟೆ ತಂದು ನೆಲ ಒರೆಸ್ತಾ ಅವನಿಗೆ ಲಾಡ್ಜಿನ ಮ್ಯಾನೇಜರ್ ನೆನಪಾದ. ಬೇಡ ಅಂದ್ರೂ ನೆನಪಾಗ್ತಿದ್ದ. ಹತ್ತು ದಿನದ ಹಿಂದೆ ಬಂದಿದ್ದ, ಹೊಳೆಯೋ ಷೂ ಹಾಕ್ಕೊಂಡು, ಇಪ್ಪತ್ತು ಹಾಸಿಗೆ ಮಾಡಿಸ್ಬೇಕು ಅಂತ. ಅಂಗಡಿ ಅಂದ್ರೆ ಮನೆಯ ಮುಂದಿನ ಕೋಣೆ, ಒಂದು ಮೂಲೇಲಿ ಹತ್ತಿ ಹಿಂಜೋ ಮಷೀನು, ಇನ್ನೊಂದರಲ್ಲಿ ಹತ್ತಿ ಗುಡ್ಡ, ಪಕ್ಕದಲ್ಲೇ ಅತ್ತೆಯ ಕೋಣೆ. ಅತ್ತೆ ಅಂದ್ರೆ ಹೆಂಡತಿಯ ತಾಯಿ, ನಾಲ್ಕು ವರ್ಷದಿಂದ ಇಲ್ಲೇ ಇದ್ರು. ಮಾತು ಕಮ್ಮಿ. ಅವನು ಬುರುಡೆ ಬಿಡೋವಾಗ ನಡುವೆ ಎದ್ದು ಹೋಗದೆ ಪೂರ್ತಿ ಕೇಳ್ತಿದ್ದ ಒಂದೇ ಜೀವ. ಮ್ಯಾನೇಜರ್ ಒಳಗೆ ಕಾಲಿಟ್ಟೋನು ಮೂಗು ಸೊಟ್ಟ ಮಾಡ್ದ. "ಏನ್ರೀ ಇದು, ಉಚ್ಚೆ ವಾಸನೆ? ಹತ್ತೀಗೆ ನಾಯಿ ಗೀಯಿ ಹೊಯ್ಯುತ್ತಾ?" ಆ ಕ್ಷಣ. ಆ ಕ್ಷಣಾನ ಅವನು ಎಷ್ಟು ಸಲ ತಿರುವಿ ಹಾಕಿದ್ದನೋ, ಹಾಸಿಗೇನೂ ಅಷ್ಟು ಸಲ ತಿರುವಿ ಹಾಕಿರ್ಲಿಲ್ಲ. ಕೈ ತಾನಾಗಿ ಪಕ್ಕದ ಕೋಣೆ ಕಡೆ ಹೋಗಿತ್ತು. ದನಿ ತಾನಾಗಿ ಇಳಿದಿತ್ತು. "ನಾಯಿ ಅಲ್ಲ ಸಾರ್, ನಮ್ಮ ನಾಯಿ ಬಹಳ ಶಿಸ್ತು. ಅತ್ತೆ... ವಯಸ್ಸಾಯ್ತು ನೋಡಿ. ಹೇಳೋಕಾಗುತ್ತಾ?" ಮ್ಯಾನೇಜರ್ ಮುಖ ಮೆತ್ತಗಾಯ್ತು, ತಲೆ ಆಡಿಸ್ದ. ಇವನಿಗೆ ಅಷ್ಟಕ್ಕೇ ಬಾಯಿ ಮುಚ್ಕೋಬಾರ್ದಾ? ಕಥೆ ಒಂದು ಸಲ ಕಾಲು ಹಾಕಿದ್ರೆ ಅದು ಓಡ್ಲೇಬೇಕು. ಹೆಂಗೆ ದಿನಾ ತಾನೇ ಎತ್ತಿ ಕೂರಿಸ್ತೀನಿ, ತಾನೇ ಒರೆಸ್ತೀನಿ, ಹೆತ್ತ ತಾಯಿಗೂ ಇಷ್ಟು ಮಾಡಿರ್ಲಿಲ್ಲ, ಎಲ್ಲ ಹೇಳ್ದ. ಹೇಳ್ತಾ ಹೇಳ್ತಾ ತನಗೇ ಕಣ್ಣು ತುಂಬ್ತು. ಮ್ಯಾನೇಜರ್ ಆರ್ಡರ್ ಕೊಟ್ಟು, ಅವನ ಭುಜ ತಟ್ಟಿ ಹೋದ. ತಿರುಗಿ ನೋಡಿದ್ರೆ ಅತ್ತೆ ಬಾಗಿಲಲ್ಲೇ ನಿಂತಿದ್ರು, ಕೈಯಲ್ಲಿ ನೀರಿನ ಜಗ್ಗು. ಎಷ್ಟು ಹೊತ್ತಿಂದ ಅಂತ ಗೊತ್ತಿಲ್ಲ. "ಟೀ ಕುಡೀತೀರಾ ಅಳಿಯಂದ್ರೆ?" ಅಂದ್ರು. ಅಷ್ಟೇ ಅಂದ್ರು. ಬೈದಿದ್ರೆ ಬದುಕ್ಕೊಳ್ತಿದ್ದ.

ಮಾರನೇ ದಿನದಿಂದ ಇನ್ನೊಂದು ಶುರುವಾಯ್ತು. ಅತ್ತೆ ದಿನಾ ಬೆಳಿಗ್ಗೆ ತಮ್ಮ ಕೋಣೆಯಿಂದ ಒದ್ದೆ ಬಟ್ಟೆ, ಚಾಪೆ ಎತ್ಕೊಂಡು ಹಿತ್ತಲಿಗೆ ಹೋಗಿ ಒಗೆದು ಹಾಕೋರು. ಮೊದಲ ದಿನ ಅವನು ನೋಡಿ ಹತ್ತಿ ಹಿಂಜೋಕೆ ಹೋದ. ಎರಡನೇ ದಿನ ಕಣ್ಣು ತಪ್ಪಿಸ್ದ. ಮೂರನೇ ದಿನ ಎದೆ ಧಸಕ್ ಅಂತು, ಆಡಿದ್ದು ಆಗ್ಬಿಡ್ತಾ ಅಂತ. ನಾನು ಬಾಯಿಗೆ ಬಂದದ್ದು ಹೇಳ್ದೆ, ಅದು ಹೋಗಿ ಆ ಹೆಂಗಸಿನ ಮೈಗೆ ಹತ್ಕೊಂಡ್ತಾ? ಅವನ ಬಾಯಿಗೆ ಅಷ್ಟು ಶಕ್ತಿ ಇದ್ದಿದ್ರೆ ಮೊದಲು ತನಗೇ ಮೂರಂತಸ್ತಿನ ಮನೆ ಕಟ್ಟಿಸ್ಕೊಳ್ತಿದ್ದ, ಅದೂ ಗೊತ್ತಿತ್ತು. ಆದ್ರೂ ಒಳಗೆ ಎಲ್ಲೋ ಒಂದು ಮೂಲೇಲಿ, ಹೇಳ್ಕೋಬಾರ್ದು, ಸಮಾಧಾನಾನೂ ಆಗಿತ್ತು. ಸುಳ್ಳು ಹೇಳಿದ್ದಲ್ಲ ಹಂಗಾದ್ರೆ, ಒಂದು ದಿನ ಮುಂಚೆ ಹೇಳಿದ್ದು, ಅಷ್ಟೇ. ಆ ಸಮಾಧಾನ ನೆನೆಸ್ಕೊಂಡ್ರೆ ಈಗ್ಲೂ ನಾಲಿಗೆ ಮೇಲೆ ತುಕ್ಕು ಹಿಡಿದಂಗೆ ಆಗ್ತಿತ್ತು. ಅದೇ ಸಿಟ್ಟನ್ನ ತಂದು ದೊರೆಸಾನಿ ಮೇಲೆ ಹಾಕ್ದ. ಇದೆಲ್ಲಕ್ಕೂ ಮೂಲ ಇದೇ ತಾನೆ? ಕುಡಿಯೋದು ನೋಡಿದ್ರೆ ಕುದುರೆ ಕುಡಿದಂಗೆ, ಬೋಗುಣಿ ತುಂಬಿಸಿ ಬೆನ್ನು ತಿರುಗಿಸೋದ್ರೊಳಗೆ ಖಾಲಿ. ಒಳಗೆ ಹೋಗ್ದೆ ಇದ್ರೆ ಹೊರಗೆಲ್ಲಿಂದ ಬರುತ್ತೆ? ಇಷ್ಟು ಸುಲಭದ ಲೆಕ್ಕ ಮೊದಲೇ ಹೊಳೀಲಿಲ್ವಲ್ಲ ಅಂತ ಖುಷಿಯಾಗಿ ನೀರಿನ ಬೋಗುಣಿ ಎತ್ತಿ ಅಟ್ಟದ ಮೇಲೆ ಹಳೇ ಚೀಲಗಳ ಹಿಂದೆ ಇಟ್ಟ. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ, ಅಷ್ಟೇ. ಯಾರಿಗೂ ಹೇಳಲಿಲ್ಲ. ಎಂಟು ದಿನ. ನಾಯಿ ಮೊದಲೆರಡು ದಿನ ಬೋಗುಣಿ ಇದ್ದ ಜಾಗದ ಬರೀ ನೆಲ ನೆಕ್ಕಿತು. ಆಮೇಲೆ ಅದನ್ನೂ ಬಿಡ್ತು. ಉಚ್ಚೆ ಮಾತ್ರ ಬಿಡಲಿಲ್ಲ, ಅದಕ್ಕೇ ಅವನಿಗೆ ತಲೆ ಕೆಟ್ಟಿದ್ದು. ಟೀ ಅಂಗಡೀಲಿ ಹೇಳಿಯೂ ಹೇಳಿದ್ದ, ನಗಿಸಿಯೂ ನಗಿಸಿದ್ದ: "ನಮ್ಮ ದೊರೆಸಾನಿ ಗಾಳಿ ಕುಡಿದು ಕೆರೆ ತುಂಬಿಸ್ತಾಳೆ ಕಣ್ರಪ್ಪಾ. ನೀರಿಲ್ಲದ ಊರಿದ್ರೆ ಹೇಳಿ, ಬಾಡಿಗೆಗೆ ಕಳಿಸ್ತೀನಿ."

ಒರೆಸ್ತಿದ್ದ ಕೈ ನಿಂತಿತು. ಮಂಚದ ಕಾಲಿನ ಹತ್ರ, ನಸುಕಿಂದು ಒಣಗಿದ್ದ ಇನ್ನೊಂದು ಕಲೆ ಸುತ್ತ, ಗೋಡೆಯಿಂದ ಇರುವೆ ಸಾಲು ಇಳಿದು ಬಂದಿತ್ತು. ಕಪ್ಪು ಇರುವೆ. ಅಂಚಿಗೆ ಮುತ್ಕೊಂಡು, ಹಬ್ಬದ ಊಟಕ್ಕೆ ಕೂತಂಗೆ ತಲೆ ತಗ್ಗಿಸ್ಕೊಂಡು. ಅವನು ಮೊಣಕಾಲ ಮೇಲೇ ಕೂತ್ಕೊಂಡು ನೋಡ್ದ. ಇದು ಅವನಿಗೆ ಗೊತ್ತಿತ್ತು. ಇದಕ್ಕಿಂತ ಚೆನ್ನಾಗಿ ಗೊತ್ತಿದ್ದದ್ದು ಬೇರೆ ಏನೂ ಇರ್ಲಿಲ್ಲ. ಹಾಸಿಗೆ ಬಿಚ್ಚಿದಾಗ ಒಳಗೆ ಸತ್ತ ಇರುವೆ ಉದುರಿದ್ರೆ, ಅದರ ಮೇಲೆ ಮಲಗಿದ್ದೋರಿಗೆ ಸಕ್ಕರೆ ಕಾಯಿಲೆ. ಒಂದು ಸಲ ಒಬ್ಬ ಬಸ್ ಡ್ರೈವರಿಗೆ ಹೇಳಿದ್ದ, ನಿಮ್ಮ ಅಪ್ಪನ್ನ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ ಅಂತ. ಡ್ರೈವರ್ ಆಮೇಲೆ ಬಂದು ಅವನ ಎರಡೂ ಕೈ ಹಿಡ್ಕೊಂಡಿದ್ದ. ಆ ಕಥೇಲಿ ಮಾತ್ರ ಅವನು ಒಂದಕ್ಷರ ಬುರುಡೆ ಸೇರಿಸ್ತಿರ್ಲಿಲ್ಲ, ಸೇರಿಸೋ ಅವಶ್ಯ ಬೀಳ್ತಿರ್ಲಿಲ್ಲ. ಆ ಅಪ್ಪ ಏನು ಹೇಳಿದ್ದನಂತೆ? ಬಾಯಾರಿಕೆ ಅಂದ್ರೆ ಬಾಯಾರಿಕೆ ಅಲ್ಲ ಮಗನೇ, ಗಂಟಲಲ್ಲಿ ಬೆಂಕಿ ಇಟ್ಕೊಂಡಂಗೆ, ಬಾವಿಗೆ ಬಾಯಿ ಹಾಕಿದ್ರೂ ಆರಲ್ಲ ಅಂತ. ಎರಡು ಲೋಟ. ಬೆಳಿಗ್ಗೆ ಒಂದು, ಸಂಜೆ ಒಂದು. ಅವನಿಗೆ ತನ್ನ ಕೈಯಲ್ಲಿ ಇದ್ದ ಬಟ್ಟೆ ಯಾರದೋ ಕೈಯಲ್ಲಿ ಇದ್ದಂಗೆ ಕಾಣ್ತು. ದೊರೆಸಾನಿ ಹತ್ರ ಬಂದು ಆ ಬಟ್ಟೆ ನೆಕ್ಕೋಕೆ ನೋಡ್ತು. ಒದ್ದೆ ಇತ್ತಲ್ಲ. "ಥೂ, ಬಿಡೇ, ಬಿಡೇ ಶನೀ" ಅಂತ ತಳ್ಳಿದ. ತಳ್ಳಿದ ಕೈಗೆ ಬರೀ ಪಕ್ಕೆಲುಬು ಸಿಕ್ತು, ದಿಂಬಿನ ಕವರಲ್ಲಿ ಸೌದೆ ತುಂಬಿದಂಗೆ. ಕಣ್ಣು ಎರಡೂ ಹಾಲು ಬಿದ್ದಂಗೆ ಬೆಳ್ಳಗಿತ್ತು. ನಾಟಕ ಅಲ್ಲ. ಯಾವತ್ತೂ ನಾಟಕ ಆಗಿರ್ಲಿಲ್ಲ. ಅಟ್ಟಕ್ಕೆ ಹತ್ತಿ ಬೋಗುಣಿ ಇಳಿಸಿ ತುಂಬಿಸಿ ಇಟ್ಟ. ಅದು ಕುಡೀತು, ಕುಡೀತು, ನಡುವೆ ಉಸಿರು ತಗೊಂಡು ಮತ್ತೆ ಕುಡೀತು. ಆ ಲಪಲಪ ಸದ್ದು ಕೇಳ್ಲಾರದೆ ಅವನು ಮಷೀನ್ ಹಾಕ್ದ, ಹತ್ತಿ ಹಾಕ್ದೇನೇ.

ಹೆಂಡತಿ ಸಂಜೆ ಬರೋದ್ರೊಳಗೆ ನಾಯೀನ ಡಾಕ್ಟ್ರಿಗೆ ತೋರಿಸಿ ಬರೋದು, ನೀರಿನ ವಿಷಯ ತನ್ನ ಜೊತೆ ಮಣ್ಣಾಗ್ಲಿ, ಇದು ಅವನ ಯೋಚನೆ. ಹಾಸಿಗೆ ಸಾಗಿಸೋ ಮೂರು ಚಕ್ರದ ಸೈಕಲ್ ಗಾಡಿ ತೆಗೆದು, ನಾಯಿ ಎತ್ತಿ ಕೂರಿಸ್ದ. ಆಗ ಅತ್ತೆ ಹೊರಗೆ ಬಂದ್ರು, ಚಪ್ಪಲಿ ಹಾಕ್ಕೊಂಡು, ತಯಾರಾಗಿ. "ನಾನೂ ಬರ್ತೀನಿ ಅಳಿಯಂದ್ರೆ." "ನೀವ್ಯಾಕೆ ಅತ್ತೆ, ಬಿಸಿಲು." "ಅದನ್ನ ಹಿಡ್ಕೊಳ್ಳೋಕೆ ಒಬ್ರು ಬೇಡ್ವಾ? ತಿರುವಲ್ಲಿ ಉರುಳಿ ಬಿದ್ರೆ?" ಅಂತ ಅವನ ಹೆಗಲು ಹಿಡ್ಕೊಂಡು ಗಾಡಿ ಹತ್ತಿ, ನಾಯಿ ತಲೆ ತೊಡೆ ಮೇಲೆ ಇಟ್ಕೊಂಡು ಕೂತೇಬಿಟ್ರು. ಒಂದು ಮುದಿ ನಾಯಿ, ಒಬ್ಬ ಮುದುಕಿ, ಮುಂದೆ ಪೆಡಲ್ ತುಳಿಯೋ ಇವನು. ರಸ್ತೇಲಿ ನೋಡಿದೋರೆಲ್ಲ ಕೇಳೋರೇ. ಟೀ ಅಂಗಡಿಯೋನು, "ಏನಣ್ಣಾ, ಮೆರವಣಿಗೆಯಾ?" ಅಂದ. ಬೇರೆ ದಿನ ಆಗಿದ್ರೆ ಇವನು ಕಾಲು ಊರಿ ನಿಲ್ಲಿಸಿ, ದೊರೆಸಾನಿಗೆ ವಿದೇಶದಿಂದ ಗಂಡು ನೋಡೋಕೆ ಬಂದಿದಾರೆ ಅಂತಾನೋ ಏನೋ ಅರ್ಧ ಗಂಟೆ ಹೇಳ್ತಿದ್ದ. ಇವತ್ತು ಪೆಡಲ್ ಜೋರಾಗಿ ತುಳಿದ. ಬೆನ್ನಿನ ಹಿಂದೆ ಅತ್ತೆಯ ಕಣ್ಣಿದೆ ಅನ್ನಿಸ್ತಿತ್ತು, ಅಂಗಿ ಅಲ್ಲೇ ಬಿಸಿಯಾಗ್ತಿತ್ತು. ಇವರಿಗೆ ಎಷ್ಟು ಗೊತ್ತು? ಬೋಗುಣಿ ನೋಡಿದಾರಾ? ಮ್ಯಾನೇಜರ್ ಹತ್ರ ಆಡಿದ್ದಂತೂ ಕೇಳಿದಾರೆ. ಕೇಳಿಯೂ ಈ ಹತ್ತು ದಿನ ಟೀ ಕೊಟ್ಟಿದಾರೆ, ಹರಿದ ಅಂಗಿ ಹೊಲಿದು ಕೊಟ್ಟಿದಾರೆ. ಇಂಥೋರ ಜೊತೆ ಬದುಕೋದು ಕಷ್ಟ, ಜಗಳಗಂಟಿ ಆಗಿದ್ರೆ ಲೆಕ್ಕ ಆವತ್ತಾವತ್ತೇ ಚುಕ್ತಾ. ತಿರುವಲ್ಲಿ ಹಿಂದಿನಿಂದ ಸಣ್ಣ ದನಿ ಬಂತು, "ಹೊಯ್ಬಿಡ್ತು." ಅವನು ತಿರುಗಲಿಲ್ಲ. "ಎಲ್ಲಿ?" "ನನ್ನ ಮೇಲೆ. ನೀವು ತುಳೀರಿ."

ಡಾಕ್ಟ್ರಮ್ಮ ಸಣ್ಣ ವಯಸ್ಸಿನೋಳು, ಮಾತು ಚುಟುಕು. ನಾಯೀನ ಉಕ್ಕಿನ ಮೇಜಿನ ಮೇಲೆ ನಿಲ್ಲಿಸಿ ವಯಸ್ಸೆಷ್ಟು ಅಂದಳು. "ಎಂಟು" ಅಂದ. ಯಾಕೆ ಎಂಟು ಅಂದನೋ ದೇವರಿಗೇ ಗೊತ್ತು. ನಾಲ್ಕು ವರ್ಷದಿಂದ ಎಂಟೇ ಹೇಳ್ಕೊಂಡು ಬಂದಿದ್ದ, ಬಾಯಿಗೆ ಅದೇ ದಾರಿ. ಡಾಕ್ಟ್ರಮ್ಮ ನಾಯಿಯ ತುಟಿ ಎತ್ತಿ ಹಲ್ಲು ನೋಡಿದಳು, ಆಮೇಲೆ ಇವನ ಮುಖ ನೋಡಿದಳು, ಎಂಟು ಅಂತಾನೇ ಬರ್ಕೊಂಡಳು. ಹಿಂದೊಮ್ಮೆ ಒಬ್ಬ ಗಿರಾಕಿ ಹಾಸಿಗೆ ಹೊಸದು ಅಂತ ಹೇಳಿದಾಗ ಇವನೂ ಹತ್ತಿ ಮೂಸಿ ಹೀಗೇ ನೋಡಿದ್ದ. ಕಿವಿಯಿಂದ ಒಂದು ಹನಿ ರಕ್ತ ತೆಗೆದು ಸಣ್ಣ ಮಷೀನಿಗೆ ತೋರಿಸಿದಳು. ಅದರಲ್ಲಿ ಬಂದ ಅಂಕಿ ನೋಡಿ ತುಟಿ ಕಚ್ಚಿದಳು. ಸಕ್ಕರೆ ಅಂದಳು. ಕಣ್ಣಿಗೂ ಅದರಿಂದಲೇ ಪೊರೆ ಬಂದಿದೆ, ಮೈ ಇಳಿದಿದ್ದೂ ಅದರಿಂದಲೇ, ಮನೇಲಿ ಹೊಯ್ಯೋದೂ ಅದರಿಂದಲೇ, ತಡ್ಕೊಳ್ಳೋಕೆ ಆಗಲ್ಲ. "ಹಠಕ್ಕೆ ಮಾಡ್ತಿಲ್ಲ ಅದು." ಬೆನ್ನಿನ ಚರ್ಮ ಎತ್ತಿ ಬಿಟ್ಟಳು. ಚರ್ಮ ನಿಧಾನಕ್ಕೆ ಇಳೀತು. "ನೀರಿನಂಶ ಕಮ್ಮಿಯಾಗಿದೆ. ನೀರು ಎಷ್ಟು ಕುಡೀತಿದೆ?" "ಸಾಮಾನ್ಯ" ಅಂದ. "ಸಾಮಾನ್ಯ ಇರೋಕೆ ಸಾಧ್ಯ ಇಲ್ಲ. ಈ ಸಕ್ಕರೇಲಿ ಬಕೆಟ್ಟು ಬಕೆಟ್ಟು ಕುಡೀಬೇಕು. ಕುಡೀತಿಲ್ಲ ಅಂದ್ರೆ ಬೇರೆ ಏನೋ ಇದೆ, ಒಳಗಿನ ಅಂಗ ಯಾವುದೋ ಕೈ ಕೊಟ್ಟಿದೆ. ಆಗ ಔಷಧಾನೇ ಬೇರೆ, ಒಂದೊಂದು ಸಲ ಔಷಧ ಕೊಡೋದೇ ಬೇಡ ಅಂತಾನೂ ಹೇಳ್ಬೇಕಾಗುತ್ತೆ. ಸರಿಯಾಗಿ ಹೇಳಿ. ಕುಡೀತಿಲ್ವಾ, ಸಿಗ್ತಿಲ್ವಾ?"

ಗೋಡೆ ಮೇಲೆ ನಾಯಿಯ ಒಳಗೆಲ್ಲ ಬಣ್ಣ ಬಣ್ಣವಾಗಿ ತೋರಿಸಿದ ಚಿತ್ರ ಇತ್ತು. ಅವನು ಅದನ್ನೇ ನೋಡ್ತಾ ನಿಂತ. ಬಾಯಲ್ಲಿ ಮೂರು ಕಥೆ ಸಾಲಾಗಿ ಬಂದು ನಿಂತವು. ನಲ್ಲಿ ಕೆಟ್ಟಿತ್ತು. ಬೋಗುಣಿ ಕಳ್ಳರು ಹೊಡೆದ್ರು. ಮನೇಲಿ ಇರ್ಲಿಲ್ಲ, ಊರಿಗೆ ಹೋಗಿದ್ದೆ, ಮನೆಯೋರು ಮರೆತ್ರು. ಮೂರನೇದು ಚೆನ್ನಾಗಿತ್ತು, ನಡೆಯುತ್ತೆ. ಮನೆಯೋರು ಅಂದ್ರೆ ಅತ್ತೆ, ಮತ್ತೊಂದು ಗೂಬೆ ಅದೇ ತಲೆ ಮೇಲೆ ಕೂರ್ಸೋದು. ಅತ್ತೆ ಮೂಲೆಯ ಕುರ್ಚೀಲಿ ಒದ್ದೆ ಬಟ್ಟೇಲೇ ಕೂತು, ನಾಯಿ ಕಡೆ ನೋಡ್ತಿದ್ರು, ಇವನ ಕಡೆ ಅಲ್ಲ. "ಸಿಗ್ತಿರ್ಲಿಲ್ಲ" ಅಂದ. ದನಿ ಬೇರೆ ಯಾರದೋ ಥರ, ಸಣ್ಣಗೆ. "ನಾನೇ ಬೋಗುಣಿ ಎತ್ತಿಟ್ಟಿದ್ದೆ. ಹೊಯ್ಯೋದು ನಿಲ್ಲಲಿ ಅಂತ. ದಿನಕ್ಕೆ ಎರಡು ಲೋಟ. ಎಂಟು ದಿನ. ವಯಸ್ಸೂ ಎಂಟಲ್ಲ, ಹನ್ನೆರಡು." ಬೇರೆ ಏನೂ ಸೇರಿಸೋಕೆ ಸಿಗಲಿಲ್ಲ. ಇಷ್ಟು ಚಿಕ್ಕ ಕಥೇನ ಅವನು ಜೀವಮಾನದಲ್ಲಿ ಹೇಳಿರ್ಲಿಲ್ಲ. ಡಾಕ್ಟ್ರಮ್ಮ ಪೆನ್ನು ಕೆಳಗಿಟ್ಟಳು. "ಎಂಟು ದಿನ ಎರಡೇ ಲೋಟದಲ್ಲಿ ಈ ನಾಯಿ ಬದುಕಿರೋಕೆ ಆಗಲ್ಲ ರೀ. ನಿಜ ಹೇಳಿ ಅಂದೆ." "ನಿಜಾನೇ ಹೇಳ್ತಿದೀನಿ!" ಅಂತ ಅವನು ಕೂಗೇಬಿಟ್ಟ. ಸುಳ್ಳು ಹೇಳಿದಾಗೆಲ್ಲ ಜನ ಹೂಂಗುಟ್ಟಿದಾರೆ, ಇವತ್ತು ಹೊಟ್ಟೆ ಬಗೆದು ಇಟ್ರೆ ಇವಳು ಪೆನ್ನು ಕೆಳಗಿಡ್ತಾಳೆ. ಆಗ ಅತ್ತೆ ಕುರ್ಚಿಯಿಂದ ಹೇಳಿದ್ರು, ಹಸುವಿಗೆ ಮೇವು ಹಾಕಿದೆ ಅನ್ನೋ ದನೀಲಿ: "ನಾನು ಕೊಡ್ತಿದ್ದೆ ತಾಯಿ. ನನ್ನ ಕುಡಿಯೋ ಜಗ್ಗಿಂದ. ಇವರು ಮಷೀನ್ ಹಾಕಿದಾಗ ಕೋಣೆಗೆ ಕರ್ಕೊಂಡು ಬಾಗಿಲು ಹಾಕ್ಕೊಳ್ತಿದ್ದೆ, ಸದ್ದು ಕೇಳಲ್ಲ ಅಂತ. ದಿನಕ್ಕೆ ನಾಲ್ಕೈದು ಜಗ್ಗು. ಇನ್ನೂ ಕೇಳ್ತಿತ್ತು, ನನಗೆ ಅಷ್ಟು ಹೊರೋಕೆ ಆಗ್ತಿರ್ಲಿಲ್ಲ." ಡಾಕ್ಟ್ರಮ್ಮನ ಮುಖ ಸಡಿಲ ಆಯ್ತು. "ಅದಕ್ಕೇ ಉಳಿದಿದೆ. ಹಂಗಾದ್ರೆ ಒಳಗೆಲ್ಲ ಕೈ ಕೊಟ್ಟಿಲ್ಲ, ಸಕ್ಕರೆ ಒಂದೇ" ಅಂತ ಬರ್ಕೊಂಡಳು. ಇವನು ಮನಸ್ಸಲ್ಲೇ ಲೆಕ್ಕ ಹಾಕ್ದ. ಬಾಗಿಲು ಹಾಕ್ಕೊಂಡು ಕುಡಿಸಿದ್ರೆ ಅದು ಅಲ್ಲೇ ಹೊಯ್ಯುತ್ತೆ. ಕೋಣೇಲಿ, ಚಾಪೆ ಮೇಲೆ. ದಿನಾ ಬೆಳಿಗ್ಗೆ ಒಗೀತಿದ್ದ ಆ ಬಟ್ಟೆಗಳು. "ಅತ್ತೆ... ಆ ಬಟ್ಟೆ..." ಅಂದ. "ಹೂಂ, ಅದರದ್ದೇ. ಮ್ಯಾನೇಜರ್ ಬಂದು ಹೋದ ಮಾರನೇ ದಿನದಿಂದ್ಲೇ, ನಿಮ್ಮ ಹತ್ತೀಗೆ ತಾಗೋದು ಬೇಡ ಅಂತ ನನ್ನ ಕೋಣೇಲೇ ಹೊಯ್ಸ್ತಿದ್ದೆ." "ನನಗೆ ಒಂದು ಮಾತು ಹೇಳ್ಬಾರ್ದಿತ್ತಾ?" "ಹೇಳಿದ್ರೆ ನೀವು ಜಗ್ಗೂ ಅಟ್ಟಕ್ಕೆ ಹಾಕ್ತಿದ್ರಿ. ಹೆಂಗೂ ಮ್ಯಾನೇಜರ್ ಹತ್ರ ಮುದುಕಿದು ಅಂತ ಆಗಿಹೋಗಿತ್ತಲ್ಲ. ಆದದ್ದು ಆಯ್ತು, ಆ ಹೆಸರಲ್ಲೇ ಅದಕ್ಕೆ ಎರಡು ಜಗ್ಗು ಜಾಸ್ತಿ ಸಿಗ್ಲಿ ಅಂದ್ಕೊಂಡೆ."

ಆಮೇಲೆ ಡಾಕ್ಟ್ರಮ್ಮ ಇಂಜೆಕ್ಷನ್ ಹೇಳ್ಕೊಟ್ಟಳು. ದಿನಕ್ಕೆ ಎರಡು ಸಲ, ಊಟ ಆದ ಮೇಲೆ, ಕತ್ತಿನ ಹಿಂದೆ ಚರ್ಮ ಎತ್ತಿ, ಇರೋವರೆಗೂ. ಹೊಯ್ಯೋದು ಕಮ್ಮಿ ಆಗ್ಬಹುದು, ಪೂರ್ತಿ ನಿಲ್ಲುತ್ತೆ ಅಂತ ಹೇಳಲ್ಲ. ಕಣ್ಣು ವಾಪಸ್ ಬರುತ್ತೆ ಅಂತಾನೂ ಹೇಳಲ್ಲ. "ಒಂದು ವರ್ಷ ಇರ್ಬಹುದು, ಮೂರೂ ಇರ್ಬಹುದು. ಮಾಡ್ತೀರಾ?" ಮೊಳದುದ್ದದ ದಬ್ಬಳ ಹಿಡಿದು ಮೂವತ್ತು ವರ್ಷ ಹಾಸಿಗೆ ಚುಚ್ಚಿದ ಕೈಗೆ, ಕೂದಲಿನಂಥ ಆ ಸೂಜಿ ಎಲ್ಲಿ ಹಿಡೀಬೇಕು ಅಂತಾನೇ ತಿಳೀಲಿಲ್ಲ. ಮೊದಲನೇ ಸಲ ನಾಯಿ ಕೂದಲ ಒಳಗೇ ಚುಚ್ಚಿ ಆ ಕಡೆ ತನ್ನ ಬೆರಳಿಗೇ ತೆಗೆದ. ಡಾಕ್ಟ್ರಮ್ಮ ನಗು ತಡ್ಕೊಂಡಳು. ಎರಡನೇ ಸಲ ಆಯ್ತು. ದೊರೆಸಾನಿಗೆ ಗೊತ್ತೇ ಆಗಲಿಲ್ಲ, ಅದು ಅವನ ಅಂಗಿ ತುದಿ ಮೂಸ್ತಾ ಬಾಲ ಮೇಜಿಗೆ ಬಡೀತಾ ಇತ್ತು. ಬೈದ ಬಾಯೀನೂ ತಳ್ಳಿದ ಕೈಯೂ ನೆನಪಿಟ್ಕೊಳ್ಳೋ ಬುದ್ಧಿ ಇಲ್ಲದ ಪ್ರಾಣಿ ಇದು, ಅಂತ ಅವನಿಗೆ ಅದರ ಮೇಲೇ ಮತ್ತೆ ಸಿಟ್ಟು ಬಂತು.

ವಾಪಸ್ ಬರೋವಾಗ ಅವನು ಮನೆ ದಾರಿ ಹಿಡೀಲಿಲ್ಲ. ಅತ್ತೆ ಎರಡು ಸಲ ಎಲ್ಲಿಗೆ ಅಂತ ಕೇಳಿದ್ರು, ಅವನು ತುಳೀತಾನೇ ಇದ್ದ. ನೇರ ತಗೊಂಡು ಹೋಗಿ ಲಾಡ್ಜಿನ ಮುಂದೆ ಗಾಡಿ ನಿಲ್ಲಿಸ್ದ. ಮ್ಯಾನೇಜರ್ ಮೆಟ್ಟಿಲ ಮೇಲೆ ನಿಂತು ಯಾರಿಗೋ ಬೀಗದ ಕೈ ಕೊಡ್ತಿದ್ದ. ಇವನು ಬೆವರು ಒರೆಸ್ಕೊಳ್ಳದೆ ಹೇಳ್ದ: "ಸಾರ್, ಆವತ್ತು ನಾನು ಹೇಳಿದ್ದು ಸುಳ್ಳು. ನಮ್ಮ ಅತ್ತೆದಲ್ಲ. ಈ ನಾಯಿದು. ಇದಕ್ಕೆ ಸಕ್ಕರೆ ಕಾಯಿಲೆ. ಅತ್ತೆ ನನಗಿಂತ ನಿಮಗಿಂತ ಶುದ್ಧ ಇದಾರೆ." ಮ್ಯಾನೇಜರ್ ಗಾಡಿ ನೋಡ್ದ. ನಾಯಿ ಒಣಗಿಕೊಂಡು ಆರಾಮಾಗಿ ಕೂತಿತ್ತು. ಪಕ್ಕದಲ್ಲಿ ಅತ್ತೆಯ ಬಟ್ಟೆ ತೊಡೆ ಮೇಲೆ ಒದ್ದೆ. ಅವನ ಮುಖ ಆವತ್ತಿನಂಗೇ ಮೆತ್ತಗಾಯ್ತು, ಇವನನ್ನ ಪಕ್ಕಕ್ಕೆ ಕರೆದು ದನಿ ಇಳಿಸ್ದ. "ಮನಸ್ಸಿಗೆ ಹಚ್ಕೋಬೇಡಿ. ಪಾಪ, ಅವರಿಗೆ ಕೇಳಿಸ್ಲಿ ಅಂತ ಹೇಳ್ತಿದೀರಿ, ನನಗೆ ಅರ್ಥ ಆಗುತ್ತೆ. ನಮ್ಮ ತಾಯಿಗೂ ಕೊನೇಲಿ ಹಂಗೇ ಆಗಿತ್ತು. ಬಂದೋರಿಗೆಲ್ಲ ನಾವೂ ಬೆಕ್ಕು ಅಂತಾನೇ ಹೇಳ್ತಿದ್ವಿ." "ಅಯ್ಯೋ ಸಾರ್, ಬೆಕ್ಕಲ್ಲ ಸಾರ್, ನಾಯಿ! ನಿಜವಾದ ನಾಯಿ!" "ಹೂಂ ಹೂಂ, ನಾಯಿ. ಸರಿ." "ಹೂಂ ಅನ್ಬೇಡಿ! ನಂಬಿ!" ಬೀಗದ ಕೈ ಇಸ್ಕೊಂಡೋನು ಮೆಟ್ಟಿಲ ಮೇಲೆ ನಿಂತು ನೋಡ್ತಿದ್ದ. ಗಾಡಿಯಿಂದ ಅತ್ತೆ, "ಬಿಡಿ ಅಳಿಯಂದ್ರೆ, ಬಿಸಿಲು" ಅಂದ್ರು. ಅವನು ಬಿಡಲಿಲ್ಲ. ನಾಯೀನ ಎತ್ಕೊಂಡು ಬಂದು ಲಾಡ್ಜಿನ ನುಣ್ಣನೆ ಮೆಟ್ಟಿಲ ಮೇಲೆ, ಮ್ಯಾನೇಜರ್‌ನ ಹೊಳೆಯೋ ಷೂ ಪಕ್ಕದಲ್ಲೇ ನಿಲ್ಲಿಸ್ದ. "ಹೊಯ್ಯಿ" ಅಂದ. ದೊರೆಸಾನಿ ಬಾಲ ಅಲ್ಲಾಡಿಸ್ತು. "ಹೊಯ್ಯೇ ನಮ್ಮಮ್ಮಾ. ಮನೆ ತುಂಬಾ ಹೊಯ್ದಿದೀಯಾ, ಮಂಚದ ಕೆಳಗೆ ಹೊಯ್ದಿದೀಯಾ, ಹೊಸ ಹತ್ತೀಗೆ ಹೊಯ್ದಿದೀಯಾ, ಒಂದು ತಿಂಗಳಿಂದ ಒಂದು ಗಂಟೆ ಸುಮ್ಮನಿದ್ದೋಳಲ್ಲ, ಈಗ ಒಂದು ಹನಿ, ಒಂದೇ ಒಂದು ಹನಿ." ಅದು ಅವನ ದನಿ ಬಂದ ಕಡೆಗೆ ಬೆಳ್ಳನೆ ಕಣ್ಣು ತಿರುಗಿಸಿ, ಮೆಚ್ಚಿಸಿದೆ ಅಂದ್ಕೊಂಡು, ಅಚ್ಚುಕಟ್ಟಾಗಿ ಕೂತ್ಕೊಂಡ್ತು. ಮ್ಯಾನೇಜರ್ ಇವನ ಭುಜ ತಟ್ಟಿ, "ಹಾಸಿಗೆ ಮುಂದಿನ ವಾರ ಆದ್ರೂ ಪರವಾಗಿಲ್ಲ, ನೀವು ಸ್ವಲ್ಪ ರೆಸ್ಟ್ ತಗೊಳ್ಳಿ" ಅಂತ ಒಳಗೆ ಹೋದ.

ಮೆಟ್ಟಿಲ ಪಕ್ಕ ಗಿಡಕ್ಕೆ ನೀರು ಹಾಕೋ ನಲ್ಲಿ ಇತ್ತು, ಕೆಳಗೆ ಒಂದು ಡಬ್ಬ. ಅವನು ತುಂಬಿಸಿ ತಂದು ನಾಯಿ ಮುಂದೆ ಇಟ್ಟ. ಅದು ಪೂರ್ತಿ ಕುಡೀತು. ಇನ್ನೊಂದು ತಂದ. ಅದನ್ನೂ ಕುಡೀತು. ಅವನು ಮೆಟ್ಟಿಲ ಮೇಲೆ ಕೂತ್ಕೊಂಡ. ಅತ್ತೆ ಗಾಡಿ ಇಳಿದು, ನಿಧಾನಕ್ಕೆ ಬಂದು, ನಾಯಿಯ ಆ ಕಡೆ ಕೂತ್ರು. "ಇದೇನು ಅಳಿಯಂದ್ರೆ?" "ಹೊಯ್ಯೋವರೆಗೂ ಏಳಲ್ಲ." "ಅವಳು ಕೆಲಸದಿಂದ ಬಂದು ಹುಡುಕ್ತಾಳೆ." "ಹುಡುಕ್ಲಿ. ಬಂದ್ರೆ ಅವಳಿಗೂ ಇಲ್ಲೇ ಹೇಳ್ತೀನಿ, ಎರಡು ಲೋಟದ್ದು." ನೆರಳು ಮೆಟ್ಟಿಲಿಂದ ಇಳಿದು ರಸ್ತೆ ಕಡೆ ಹೋಗ್ತಿತ್ತು. ಬರೋರು ಹೋಗೋರು ಮೂರು ಜನರನ್ನ ದಾಟಿಕೊಂಡು ಬಂದ್ರು, ಹೋದ್ರು. ಒಳಗಿಂದ ಮ್ಯಾನೇಜರ್ ಕತ್ತು ಹೊರಗೆ ಹಾಕಿ, "ಇನ್ನೂ ಇದೀರಾ?" ಅಂದ.

"ಇದೀವಿ ಸಾರ್" ಅಂದ ಹಾಸಿಗೆ ಹೊಲಿಯೋನು. "ನೀವು ಒಳಗೆ ಹೋಗ್ಬೇಡಿ."